ಅರಿಶಿನವಿಲ್ಲದ ವಾರ

ಮಂಡ್ಯದ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತಿ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗಲೇ ನನಗೆ ಸಾಕುಸಾಕಾಗಿತ್ತು. ಬೆಂಗಳೂರು ಇನ್ನೂ ಮೂರು ಗಂಟೆಯ ದಾರಿ. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಬಸ್ಸಿನೊಳಗೆಲ್ಲ ತುಂಬಿತ್ತು. ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಏನವ್ವ, ಕಾಪಿನಾ? ವಸಿ ಬಗ್ಸು" ಅಂದಳು. ಕಾಫಿಯಲ್ಲ ಅಂದೆ. ನಂಬದೆ ಮುಖ ಸಿಂಡರಿಸಿಕೊಂಡಳು. ಇದರೊಳಗೆ ನನ್ನ ತಂಗಿಯ ಬೆನ್ನಿನ ಚರ್ಮ ಇದೆ ಎಂದು ಹೇಳಿದ್ದರೆ ಆಕೆ ಅಲ್ಲೇ ಇಳಿದು ಹೋಗುತ್ತಿದ್ದಳು, ನನಗೆ ಕಾಲು ಚಾಚುವುದಕ್ಕಾದರೂ ಜಾಗ ಸಿಗುತ್ತಿತ್ತು.

ನಾನು ಮದ್ದೂರಿನ ಪ್ರೈಮರಿ ಸ್ಕೂಲಿನಲ್ಲಿ ಮೇಡಮ್ಮು. ಹೆಸರು ಮುದ್ದಮ್ಮ. ಸ್ವಭಾವ ಹೆಸರಿಗೆ ತಕ್ಕ ಹಾಗಿಲ್ಲ ಎಂದು ನಮ್ಮ ಹೆಡ್‌ಮೇಷ್ಟ್ರೂ ಹೇಳುತ್ತಾರೆ, ಬೆಸಗರಹಳ್ಳಿಯಲ್ಲಿರುವ ನಮ್ಮವ್ವ ದೇವಿರಮ್ಮನೂ ಹೇಳುತ್ತಾಳೆ. ಮನೆಯಲ್ಲಿ ಒಬ್ಬಳು ನಾಲ್ಕಕ್ಷರ ಕಲಿತು, ಮದುವೆಯೂ ಆಗದೆ ಉಳಿದುಕೊಂಡರೆ ಆಸ್ಪತ್ರೆ, ಕೋರ್ಟು, ಕಚೇರಿ ಎಲ್ಲ ಅವಳ ತಲೆಗೇ ಬರುತ್ತದೆ. "ಅವ್ಳಿಗೇನು, ಮಕ್ಳಾ ಮರಿಯಾ" ಅನ್ನುತ್ತಾರೆ. ಎಪ್ಪತ್ತೆಂಟರ ಆ ಬೇಸಿಗೆಯಲ್ಲಿ ನನ್ನ ರಜೆಯೆಲ್ಲ ತಂಗಿ ಮಂಗಳಿಯ ಮೈಮೇಲಿನ ಬೊಬ್ಬೆಗಳಿಗೇ ಖರ್ಚಾಯಿತು.

ಮಂಗಳಮ್ಮನನ್ನು ಕೊಟ್ಟಿದ್ದು ಮಳವಳ್ಳಿಯಾಚೆ, ಜಲಪಾತದ ಪಕ್ಕ ಕರೆಂಟು ತಯಾರಿಸುವ ಬ್ಲಫ್ ಎಂಬ ಊರಿಗೆ. ಗಂಡ ಚಿಕ್ಕಬೋರಯ್ಯನಿಗೆ ಪವರ್ ಹೌಸಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ. ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಎರಡು ಲೋಟ ಕಾಫಿಯಾದರೂ ಬೇಕು. ಮನೆಯಲ್ಲಿ ಮಾತಾಡುವುದೆಲ್ಲ ಅವನ ತಾಯಿ ಶಿವನಂಜಮ್ಮನೇ. ಮಂಗಳಿಗೆ ಮೊದಲು ಬಾಯೊಳಗೆ ಹುಣ್ಣಾಯಿತು, ಆಮೇಲೆ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಎದ್ದು, ಒಡೆದು, ಹಸಿಹಸಿಯಾಗಿ ನಿಂತಿತು. ಶಿವನಂಜಮ್ಮ ನೋಡಿದವಳೇ ಇದು ಮಾರಮ್ಮನದು ಅಂದಳು. ಒಗ್ಗರಣೆ ನಿಂತಿತು, ಹಾಸಿಗೆಗೆ ಬೇವಿನ ಸೊಪ್ಪು ಬಂತು, ಬೆಳಿಗ್ಗೆ ಸಂಜೆ ಅರೆದ ಅರಿಶಿನ ಮೈಗೆಲ್ಲ ಬಿತ್ತು. ಎರಡು ತಿಂಗಳಾದರೂ ಮಾರಮ್ಮ ಹೋಗಲಿಲ್ಲ. ನಾನು ಹೋಗಿ ಜಗಳವಾಡಿ ಅವಳನ್ನು ಎಬ್ಬಿಸಿಕೊಂಡು ಮಂಡ್ಯದ ಡಾಕ್ಟರ್ ಯೋಗಾನರಸಿಂಹ ಅವರಲ್ಲಿಗೆ ಕರೆತಂದೆ.

ಅವರು ಚರ್ಮದ ಡಾಕ್ಟರು. ನೋಡಿದರೆ ನಿದ್ದೆಗೆಟ್ಟವರ ಹಾಗೆ ಕಾಣುತ್ತಿದ್ದರು, ಬೈಯುವುದೂ ಆಕಳಿಸಿಕೊಂಡೇ. ಮಂಗಳಿಯ ಬೆನ್ನು ನೋಡಿದ ಮೇಲೆ ಮಾತ್ರ ಆಕಳಿಕೆ ನಿಂತಿತು. ನನ್ನನ್ನು ಹೊರಗೆ ಕರೆದು ಹೇಳಿದರು: "ಟೀಚರಮ್ಮ, ಇದು ಪೆಂಫಿಗಸ್ ಅನ್ನೋ ಕಾಯಿಲೆ ಇರಬಹುದು. ಮೈಯೇ ತನ್ನ ಚರ್ಮದ ಮೇಲೆ ಮುನಿಸಿಕೊಳ್ಳುತ್ತೆ. ಅದೇ ಆದ್ರೆ ಸ್ಟೀರಾಯ್ಡ್ ಮಾತ್ರೆ ಕೈತುಂಬ ಕೊಡಬೇಕು, ಕೊಡದಿದ್ರೆ ಈಕೆ ಈ ಮಳೆಗಾಲ ದಾಟೋದು ಕಷ್ಟ. ಆದ್ರೆ ಚಿಕ್ಕವಳಾಗಿದ್ದಾಗ ಕ್ಷಯ ಆಗಿತ್ತು ಅಂತೀರಿ. ಸುಮ್ಮನೆ ಅಂದಾಜಿನ ಮೇಲೆ ಆ ಮಾತ್ರೆ ಕೊಟ್ರೆ ಹಳೇ ಕ್ಷಯ ಎದ್ದು ಕೂರುತ್ತೆ. ನನಗೆ ಖಾತ್ರಿಯಾಗಬೇಕು."

ಖಾತ್ರಿ ಮಾಡಿಕೊಳ್ಳುವುದಕ್ಕೆ ಚರ್ಮ ಕತ್ತರಿಸಬೇಕಿತ್ತು. ಮಂಗಳಿ ಒಪ್ಪಲು ಒಂದು ಬೆಳಗು ಹಿಡಿಯಿತು. "ಒಂದ್ಸಲ ಕುಯ್ಲಿ ಅಕ್ಕ, ಇನ್ನೊಂದ್ಸಲ ಅಂದ್ರೆ ನಾನ್ ಬರಾಕಿಲ್ಲ" ಅಂದಳು. ಮರಗಟ್ಟುವ ಸೂಜಿ ಚುಚ್ಚಿ ಡಾಕ್ಟರು ಎರಡು ತುಂಡು ತೆಗೆದರು. ಗುಳ್ಳೆಯದೇ ಒಂದು ತುಂಡು ಚರ್ಮ ಕೊಳೆಯದಂತೆ ಇಡುವ ಫಾರ್ಮಲಿನ್ ಸೀಸೆಗೆ ಹೋಯಿತು, ಅದಕ್ಕೆ ಅವಸರವಿಲ್ಲ. ಇನ್ನೊಂದು ಗುಳ್ಳೆಯ ಪಕ್ಕದ ನೆಟ್ಟಗಿದ್ದ ಚರ್ಮದ್ದು, ಅವರೆಕಾಳಿನಷ್ಟಿತ್ತು. ಅದಕ್ಕೆ ಬೇರೆಯೇ ಚಿಮಟ. ಫಾರ್ಮಲಿನ್ ಮುಟ್ಟಿದ ಚಿಮಟ ಸೋಕಿದರೂ ತುಂಡು ಹಾಳಂತೆ. ಹಿಸುಕದೆ ಅಂಚು ಹಿಡಿದು ಎತ್ತಿ, ಉಪ್ಪುನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಸುತ್ತಿ, ಪುಟ್ಟ ಸೀಸೆಗೆ ಹಾಕಿ, ಸೀಸೆಯನ್ನು ಫ್ಲಾಸ್ಕಿಗೆ ಇಳಿಸಿದರು. ಸುತ್ತ ಐಸ್‌ಕ್ಯಾಂಡಿ ಫ್ಯಾಕ್ಟರಿಯಿಂದ ತಂದ ಐಸು. ಐಸು ಕರಗುವುದರೊಳಗೆ ಬೆಂಗಳೂರಿನ ಲ್ಯಾಬಿಗೆ ಮುಟ್ಟಬೇಕು.

"ಸ್ಪಿರಿಟ್ ಸೋಕಿಸಬೇಡಿ, ನೀರು ಹಾಕಬೇಡಿ, ಮುಚ್ಚಳ ತೆಗೀಬೇಡಿ" ಎಂದು ಡಾಕ್ಟರು ಬಾಗಿಲ ತನಕ ಬಂದು ಹೇಳಿದರು. ಪರೀಕ್ಷೆಯ ಹೆಸರು ಇಮ್ಯುನೋಫ್ಲೋರೆಸೆನ್ಸ್. ಅದನ್ನು ನೆಟ್ಟಗೆ ಹೇಳಲು ಕಲಿಯುವಷ್ಟರಲ್ಲಿ ನನ್ನ ಬಸ್ಸು ನಿಡಘಟ್ಟ ದಾಟಿತ್ತು. ಚರ್ಮವನ್ನು ಎಲೆಗಿಂತ ತೆಳ್ಳಗೆ ಸೀಳಿ, ಮೇಲೊಂದು ಔಷಧಿ ಹಾಕಿ, ಕತ್ತಲಕೋಣೆಯಲ್ಲಿ ಬೇರೆ ತರದ ದೀಪ ಬಿಟ್ಟು ನೋಡುತ್ತಾರಂತೆ. ಕಾಯಿಲೆ ಇದ್ದ ಕಡೆ ಔಷಧಿ ಅಂಟಿಕೊಂಡು ಹಸಿರಾಗಿ ಹೊಳೆಯುತ್ತದಂತೆ. ಬಿಡದಿಯ ಹತ್ತಿರ ಬಸ್ಸು ಕೆಟ್ಟು ನಿಂತಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹೇಗೋ ಹೋಗಿ ಮುಟ್ಟಿದೆ. ಲ್ಯಾಬಿನ ಡಾಕ್ಟರಮ್ಮ ಮುಚ್ಚಳ ತೆಗೆದಾಗ ಐಸಿನ ಚೂರುಗಳು ಇನ್ನೂ ಉಳಿದಿದ್ದವು, ನನಗೆ ಯುದ್ಧ ಗೆದ್ದಷ್ಟು ಸಂತೋಷವಾಯಿತು.

ಮುಂದಿನ ವಾರ ಫಲಿತಾಂಶಕ್ಕೆ ಮತ್ತೆ ಹೋದೆ. ಅಷ್ಟರಲ್ಲಿ ಫಾರ್ಮಲಿನ್ ತುಂಡಿನ ವರದಿ ಅದೂ ಇರಬಹುದು, ಇದೂ ಇರಬಹುದು ಎಂದು ಕೈ ತೊಳೆದುಕೊಂಡಿತ್ತು. ಉಳಿದದ್ದು ಇದೊಂದೇ. ಡಾಕ್ಟರಮ್ಮ ನನ್ನನ್ನು ಕತ್ತಲಕೋಣೆಗೆ ಕರೆದೊಯ್ದು, "ನೀವೇ ನೋಡಿ" ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಣ್ಣಿಟ್ಟೆ. ಅಬ್ಬ! ತುಂಡಿಗೆ ತುಂಡೇ ಹಳದಿ ಹಸಿರಾಗಿ ಝಗಝಗ ಅನ್ನುತ್ತಿತ್ತು. ಕೊನೆಗೂ ಕಾಯಿಲೆ ಸಿಕ್ಕಿಹಾಕಿಕೊಂಡಿತಲ್ಲ ಎಂದು ನನಗೆ ಖುಷಿಯೇ ಆಯಿತು.

"ಎಷ್ಟು ಚೆನ್ನಾಗಿ ಹೊಳೀತಿದೆ" ಅಂದೆ.

"ಅದೇ ತಾಪತ್ರಯ. ಕಾಯಿಲೆ ಇಷ್ಟೊಂದು ಹೊಳೆಯೋದಿಲ್ಲ. ಈಗ ನೀವು ನೋಡ್ತಿರೋ ತುಂಡಿಗೆ ನಾನು ಔಷಧಿಯನ್ನೇ ಹಾಕಿಲ್ಲ" ಅಂದರು. ಆಮೇಲೆ ಕೇಳಿದರು, "ಮೈಗೆ ಏನು ಹಚ್ತಾರೆ?"

"ಏನೂ ಇಲ್ಲ."

"ಮುಲಾಮು? ಪೌಡರು?"

"ಮಂಡ್ಯದ ಡಾಕ್ಟರು ಎಲ್ಲ ನಿಲ್ಲಿಸಿದಾರೆ."

"ಅರಿಶಿನ?"

"ಅರಿಶಿನ ಹಚ್ಚದೆ ಇರ್ತಾರಾ?" ಅಂದುಬಿಟ್ಟೆ.

ಡಾಕ್ಟರಮ್ಮ ಕುರ್ಚಿಗೆ ಒರಗಿ ಕೂತು ವಿವರಿಸಿದರು. ಅರಿಶಿನಕ್ಕೆ ತನ್ನದೇ ಬೆಳಕಿದೆಯಂತೆ. ಆ ದೀಪದ ಕೆಳಗೆ ಔಷಧಿಗಿಂತ ಜೋರಾಗಿ ಅದೇ ಹೊಳೆಯುತ್ತದಂತೆ. ಅದರ ಹಿಂದೆ ಕಾಯಿಲೆಯ ಗುರುತು ಇದ್ದರೂ ಕಾಣುವುದಿಲ್ಲ, ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಒಂದು ವಾರ ಅರಿಶಿನ ಪೂರ್ತಿ ಬಿಡಿಸಿ, ಚೆನ್ನಾಗಿ ತೊಳೆಸಿ, ಬೇರೆ ಜಾಗದಿಂದ ಹೊಸದಾಗಿ ತುಂಡು ತರಬೇಕು ಅಂದರು. ನನಗೆ ಅಳು ಬಂತು. ಅತ್ತುಬಿಟ್ಟೆ. ಆಕೆ ನೀರು ಕೊಟ್ಟರು. ಬಾಗಿಲ ಹತ್ತಿರದ ಬೆಳಕಿನಲ್ಲಿ ನೋಡಿದರೆ ಅವರ ಕೆನ್ನೆಯೂ ತೆಳ್ಳಗೆ ಹಳದಿಯಾಗಿಯೇ ಇತ್ತು.

ಮಂಡ್ಯದಲ್ಲಿ ಯೋಗಾನರಸಿಂಹ ಹಣೆ ಚಚ್ಚಿಕೊಂಡರು. "ಸ್ಪಿರಿಟ್ ಬೇಡ ಅಂದೆ, ನೀರು ಬೇಡ ಅಂದೆ. ಅರಿಶಿನ ಅನ್ನೋದು ಬಾಯಿಗೇ ಬರಲಿಲ್ಲವಲ್ಲ! ನಮ್ಮನೆಯವಳ ಕೈಕಾಲೂ ಹಳದಿ, ನನ್ನ ತಾಯಿಯದೂ ಹಳದಿ. ಹಳದಿ ಅಲ್ಲದ ಹೆಂಗಸಿನ ಚರ್ಮ ಈ ಕ್ಲಿನಿಕ್ಕಿಗೆ ಬಂದೇ ಇಲ್ಲ ಕಣಮ್ಮ." ಆಮೇಲೆ ಬ್ಲಫ್‌ನಲ್ಲಿ ಏನೇನು ಮಾಡಬೇಕು ಅಂತ ಹೇಳಿದರು. ಕೊಬ್ಬರಿ ಎಣ್ಣೆ ಸವರಿ ಹತ್ತಿಯಲ್ಲಿ ಒತ್ತಿ ತೆಗೆಯಬೇಕು, ಆಮೇಲೆ ಸೋಪಿನ ನೀರು. ಉಜ್ಜಬಾರದು, ಆ ಕಾಯಿಲೆಯಲ್ಲಿ ಉಜ್ಜಿದರೆ ಚರ್ಮವೇ ಜಾರಿ ಬರುತ್ತದೆ. ತಾಳಿಯ ದಾರಕ್ಕೂ ಆ ವಾರ ಅರಿಶಿನ ಹಚ್ಚುವಂತಿಲ್ಲ, ಅದು ಬೆವರಿಗೆ ಇಳಿಯುತ್ತದೆ. ಕುಂಕುಮ ಇರಲಿ ಅಂದರು. ಅಷ್ಟಾದರೂ ಬಿಟ್ಟರಲ್ಲ ಎಂದುಕೊಂಡೆ.

ಅವ್ವನನ್ನೂ ಕರೆದುಕೊಂಡು ಬ್ಲಫ್‌ಗೆ ಹೋದೆ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಇಳಿಯುವ ಹೊತ್ತಿಗೆ ಮಧ್ಯಾಹ್ನ. ಮಂಗಳಿ ನಡುಮನೆಯಲ್ಲಿ ಮಗ್ಗುಲಾಗಿ ಮಲಗಿದ್ದಳು. ಮೊದಲ ಸಲದ ಹೊಲಿಗೆಯ ಗಾಯ ಇನ್ನೂ ಕೆಂಪಗಿತ್ತು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಶಿವನಂಜಮ್ಮ ಕೇಳಿಸಿಕೊಂಡು ಎದ್ದು ನಿಂತಳು.

"ನನ್ ಮಗ ಕಲ್ಲುಗುಂಡಂಗೆ ಬದುಕವ್ನೆ. ಅವ್ನು ಬದುಕಿರೋವಾಗ್ಲೇ ಇವಳ್ ಮೈಮ್ಯಾಲಿನ ಅರಿಸಿನ ತೊಳೀಬೇಕಾ?"

"ದಿನಾ ಮೀಯೋಲ್ವಾ ಅತ್ತೆ? ಹಾಗೇ ಅಂದ್ಕೊಳ್ಳಿ" ಅಂದೆ.

"ಮೀಯೋದು ಬ್ಯಾರೆ, ತೊಳ್ದು ಬುಡೋದು ಬ್ಯಾರೆ. ಮಿಂದ್ರೆ ಮತ್ತೆ ಅಚ್ಕೊಳ್ತೀವಿ. ತೊಳ್ದು ಬುಡೋದು ಯಾವತ್ತು ಅಂತ ನಿಮ್ಮವ್ವನ್ನೇ ಕೇಳು. ನಿಂಗೇನ್ ಗ್ವತ್ತು ಬುಡು, ಮದ್ವೆ ಮಕ ನೋಡಿದೀಯಾ?"

ಆ ಮಾತು ನನಗೆ ತಾಕಿತು. ತಿರುಗಿಸಿ ಹೇಳಲು ಬಾಯಿ ತೆರೆದೆ. ಆದರೆ ಅವ್ವ ಹೊಸಿಲಿನಾಚೆ ನಿಂತಿದ್ದಳು. ಅಪ್ಪ ಸತ್ತ ಮೇಲೆ ಅವಳು ಮಗಳ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಮುಂದೆ ಬಂದವಳೇ ಅಲ್ಲ, ಮಂಗಳಿಯ ಮದುವೆಯಲ್ಲೂ ಉಗ್ರಾಣದಲ್ಲಿಯೇ ಕೂತಿದ್ದಳು. ನಾನು ಎಣ್ಣೆ ಬಟ್ಟಲು ತೆಗೆದುಕೊಂಡು, "ಅವ್ವ, ನೀನಾದರೂ ಹೇಳು" ಅಂದೆ.

"ನಾನೇನವ್ವ ಏಳ್ಲಿ" ಅಂದಳು ಅವ್ವ. "ನಂಗೆ ತೊಳುದ್ರಲ್ಲ, ಕೆರೆ ಏರಿ ಮ್ಯಾಲೆ ಕೂರ್ಸಿ. ಆ ನೀರು ಇವತ್ಗೂ ಮೈಮ್ಯಾಲೆ ತಣ್ಗೆ ಅದೆ. ನನ್ ಕೈ ಸರಿಯಿಲ್ಲ, ನಾನ್ ಅವಳ್ನ ಮುಟ್ಟಾಕಿಲ್ಲ. ಬೀಗಿತ್ತಿ ಏಳೋದು ಸುಳ್ಳಲ್ಲ."

ನನಗೆ ರೇಗಿಹೋಯಿತು. ಇಬ್ಬರು ಮುದುಕಿಯರ ನಡುವೆ ಒಬ್ಬಳು ಸಾಯುತ್ತಿದ್ದಾಳೆ, ಇವರಿಗೆ ಹಳದಿಯ ಚಿಂತೆ. ನಾನೇ ತೊಳೆಯುತ್ತೇನೆ ಎಂದು ಮಂಗಳಿಯ ಪಕ್ಕ ಕೂತೆ. ಅವಳು ನನ್ನ ಕೈ ತಳ್ಳಿದಳು. ಬಾಯೊಳಗೆಲ್ಲ ಹುಣ್ಣು, ಒಂದೊಂದು ಮಾತಿಗೂ ಮುಖ ಹಿಂಡುತ್ತಿದ್ದಳು.

"ಬ್ಯಾಡ ಅಕ್ಕ. ಇನ್ನೊಂದ್ಸಲ ಕುಯ್ಸಕೊಂಡ್ರೂ ಕುಯ್ಸಕೊಂಡೇನು. ಇದ್ ಮಾತ್ರ ಬ್ಯಾಡ. ಅವ್ರು ಏಣಿ ಅತ್ತೋರು, ಚಕ್ರದ ಮದ್ಯ ಕೈಯಾಕೋರು. ನಾನ್ ಓದ್ರೆ ಓಯ್ತೀನಿ. ಅವ್ರು ನೆಟ್ಗಿರ್ಲಿ."

ಬುದ್ಧಿ ಹೇಳಿದೆ, ಬೈದೆ, ಕಾಲು ಹಿಡಿಯುತ್ತೇನೆ ಅಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಇಷ್ಟು ಬಸ್ಸು, ಇಷ್ಟು ಬಿಸಿಲು, ಇಷ್ಟು ರಜೆ, ಎಲ್ಲ ಈ ಗೋಡೆಗೆ ಬಂದು ನಿಂತಿತಲ್ಲ ಅನ್ನಿಸಿತು. ಎಣ್ಣೆ ಬಟ್ಟಲನ್ನು ನೆಲಕ್ಕಿಟ್ಟು ಹಾಗೇ ಕೂತುಬಿಟ್ಟೆ.

ಪವರ್ ಹೌಸಿನ ಪಾಳಿ ಮುಗಿಸಿ ಚಿಕ್ಕಬೋರಯ್ಯ ಬಂದ. ಅಂಗಿಯ ತುಂಬ ಗ್ರೀಸು. ಅವನ ತಾಯಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದಳು. ಅವನು ಎಂದಿನಂತೆ ಬಾಯಿ ಬಿಡಲಿಲ್ಲ. ಇವನೊಬ್ಬ ಮಣ್ಣಿನ ಮುದ್ದೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವನು ಹಿತ್ತಿಲಿಗೆ ಹೋದ. ಬಚ್ಚಲ ಕಲ್ಲಿನ ಮೇಲೆ ಸೋಪು ಹಚ್ಚಿ, ಉಗುರಿನ ಸಂದಿಯ ಗ್ರೀಸೂ ಹೋಗುವ ಹಾಗೆ ಕೈ ತೊಳೆದ. ಒಳಗೆ ಬಂದವನು ನೆಲದ ಮೇಲಿನ ಎಣ್ಣೆ ಬಟ್ಟಲನ್ನು ಎತ್ತಿಕೊಂಡ.

"ಅವ್ವ, ಆ ಅರಿಸಿನ ಯಾರ್ಗೋಸ್ಕರ?"

"ಇನ್ಯಾರ್ಗ್ಲಾ? ನಿಂಗೇ ಕಣ್ಲಾ!"

"ನನ್ನದು ತಾನೇ? ನಾನೇ ತೊಳೀತೀನಿ ಬುಡು" ಅಂದ.

ಸತ್ತವನ ಹೆಂಡತಿಯ ಅರಿಶಿನ ಯಾರಾದರೂ ತೊಳೆಯಬಹುದು. ಬದುಕಿರುವ ಗಂಡನೇ ಕೂತು ತೊಳೆದರೆ ಅದಕ್ಕೆ ಏನು ಹೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮಂಗಳಿ ಗೋಡೆಯಿಂದ ಈ ಕಡೆ ತಿರುಗಿ ಅವನನ್ನೇ ನೋಡಿದಳು. "ಬ್ಯಾಡ ಕನ್ರೀ" ಅಂದಳು. ಅವನು, "ಏಳಮ್ಮಿ, ಬಿಸ್ಲು ಓಗೋದ್ರೊಳ್ಗೆ ಮುಗಿಸ್ಬುಡುವ" ಎಂದು ಅವಳ ರಟ್ಟೆ ಹಿಡಿಯದೆ, ಬೆನ್ನು ಮುಟ್ಟದೆ, ಮೊಣಕೈಗೆ ಮಾತ್ರ ಆಸರೆ ಕೊಟ್ಟು ಎಬ್ಬಿಸಿದ. ಎಬ್ಬಿಸಿದ ರೀತಿ ನೋಡಿದರೆ, ಅವಳ ಮೈಯಲ್ಲಿ ಎಲ್ಲಿ ನೋಯುತ್ತದೆ, ಎಲ್ಲಿ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಿತ್ತಿಲಲ್ಲಿ ಸೀರೆ ಮರೆ ಕಟ್ಟಿದೆವು. ಬಹಳ ಹೊತ್ತು ಬರೀ ನೀರಿನ ಸದ್ದು ಕೇಳುತ್ತಿತ್ತು. ಹಳದಿ ನೀರು ಮರೆಯ ಕೆಳಗಿಂದ ಹರಿದು ಬಾಳೆಯ ಬುಡಕ್ಕೆ ಹೋಯಿತು. ಶಿವನಂಜಮ್ಮ ದೇವರ ಗೂಡಿನ ಮುಂದೆ ಕೂತು ಅಳುತ್ತಿದ್ದಳು. ಅವ್ವ ಹೊಸಿಲು ದಾಟಿ ಹೋಗಿ ಅವಳ ಪಕ್ಕ ಕೂತಳು.

ಮಾರನೆಯ ದಿನವೇ ಶಿವನಂಜಮ್ಮ ತನಗೆ ತೋಚಿದ ಉಪಾಯ ಮಾಡಿದಳು. ಸೊಸೆಯ ಮೈಯಲ್ಲಿ ಇಲ್ಲದ ಅರಿಶಿನವನ್ನು ದಾರಕ್ಕೆ ದಪ್ಪಗೆ ಬಳಿದು ಮಗನ ಮುಂಗೈಗೆ ಕಟ್ಟಿದಳು. ವಾರ ಕಳೆದು ಮಂಡ್ಯದಲ್ಲಿ ಎರಡನೆಯ ತುಂಡು ತೆಗೆದ ದಿನ ಅವನೂ ಬಂದಿದ್ದ. ಡಾಕ್ಟರು ತೊಡೆಯ ಮೇಲೆ ಒಂದು ಬೆಳ್ಳನೆಯ ಜಾಗ ಹುಡುಕಿ ಕತ್ತರಿಸಿದರು. ಮಂಗಳಿ ಈ ಸಲ ಸೊಲ್ಲೆತ್ತಲಿಲ್ಲ. ಮತ್ತೆ ಉಪ್ಪುನೀರು, ಮತ್ತೆ ಸೀಸೆ, ಮತ್ತೆ ಐಸು. "ಕೊಡಕ್ಕ, ನಾನ್ ಇಡ್ಕೋತೀನಿ" ಎಂದು ಚಿಕ್ಕಬೋರಯ್ಯ ಫ್ಲಾಸ್ಕಿಗೆ ಕೈ ಚಾಚಿದ. ಮುಂಗೈಯಿಂದ ಅಂಗೈವರೆಗೂ ಹಳದಿ ಇಳಿದಿತ್ತು. "ಮುಟ್ಟಿದರೆ ನೋಡು!" ಎಂದು ಸ್ಕೂಲಿನ ದನಿಯಲ್ಲಿ ಗದರಿದೆ. ಪಾಪ, ಬೆಂಗಳೂರಿನವರೆಗೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದ. ಲ್ಯಾಬಿನಲ್ಲಿ ಸೀಸೆಯನ್ನೂ ಫ್ಲಾಸ್ಕನ್ನೂ ಬಿಟ್ಟು ಬಂದೆವು.

ಫಲಿತಾಂಶಕ್ಕೂ ಇಬ್ಬರೇ ಹೋದೆವು. ಅವನು ಹೊರಗೆ ಮೆಟ್ಟಿಲ ಮೇಲೆ ಕೂತ. ನಾನು ಕತ್ತಲಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಈ ಸಲ ಕಪ್ಪು. ಏನೂ ಕಾಣಿಸುತ್ತಿಲ್ಲ ಅಂದೆ. "ಸ್ವಲ್ಪ ತಾಳಿ, ಕಣ್ಣು ಹೊಂದಿಕೊಳ್ಳಲಿ" ಅಂದರು ಡಾಕ್ಟರಮ್ಮ. ತಾಳಿದೆ. ಕಪ್ಪಿನೊಳಗಿಂದ ಮೆಲ್ಲಗೆ, ಮೀನಿನ ಬಲೆ ಹರಡಿದ ಹಾಗೆ, ಸಣ್ಣ ಹಸಿರು ಎಳೆಗಳು ಕಾಣಿಸಿಕೊಂಡವು. ಔಷಧಿ ಹಾಕದ ತುಂಡನ್ನೂ ತೋರಿಸಿದರು, ಅದರಲ್ಲಿ ಏನೂ ಇರಲಿಲ್ಲ. ಪೆಂಫಿಗಸ್ಸೇ ಅಂದರು, ಸಂಶಯವಿಲ್ಲ ಅಂದರು. ನನ್ನ ತಂಗಿಗೆ ಕೆಟ್ಟ ಕಾಯಿಲೆ ಇದೆ ಎಂದು ಕೇಳಿ ನಾನು ಅವರಿಗೆ ಕೈಮುಗಿದೆ. ಅವರು ತೊಳೆದಿಟ್ಟಿದ್ದ ಫ್ಲಾಸ್ಕನ್ನು ವಾಪಸ್ಸು ಕೊಟ್ಟರು.

ಹೊರಗೆ ಬಂದಾಗ ಚಿಕ್ಕಬೋರಯ್ಯ ಎದ್ದು ನಿಂತ.

"ಒಳೀತಾ ಅಕ್ಕ?"

"ಎಷ್ಟು ಬೇಕೋ ಅಷ್ಟೇ ಹೊಳೀತು. ಡಾಕ್ಟರು ಅಂದಿದ್ದ ಕಾಯಿಲೆಯೇ. ನಾಳೆಯಿಂದ ಮಾತ್ರೆ ಶುರು ಮಾಡ್ತಾರೆ."

"ಬದುಕ್ತಾಳಾ?"

"ಬಿಡದೆ ನುಂಗಿದರೆ ಬದುಕ್ತಾಳಂತೆ. ಮುಖ ಊದುತ್ತೆ, ಎದೆಯ ಫೋಟೋ ತೆಗೆಸ್ತಾ ಇರಬೇಕು. ವರ್ಷಗಟ್ಟಲೆ ಇದೇ ಓಡಾಟ."

ಅವನು ಮತ್ತೆ ಮೆಟ್ಟಿಲ ಮೇಲೆ ಕುಸಿದು ಕೂತ. ಬಿಸಿಲಲ್ಲಿ, ಓಡಾಡುವ ಜನರ ಮುಂದೆ, ಮೊಣಕಾಲಿಗೆ ಮುಖ ಕೊಟ್ಟು ಅತ್ತ. ನಾನು ಪಕ್ಕದಲ್ಲಿ ಕೂತೆ. ಆಮೇಲೆ ಅವನಾಗಿಯೇ ಮಾತಾಡಿದ. ಮದುವೆಯಾದಾಗಿನಿಂದ ನನ್ನ ಹತ್ತಿರ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

"ತೊಳೆಯೋವಾಗ ಬೆನ್ನಿನ್ ಚರ್ಮ ವಸಿ ನನ್ ಕೈಗೇ ಬಂತು ಕನಕ್ಕ. ನೋಯ್ತದಾ ಅಂದೆ. ಇಲ್ಲ ಅಂದ್ಲು. ಮತ್ಯಾಕ್ ಅಳ್ತಿದೀಯಾ ಅಂದೆ. ನಿಮ್ಗೇನಾರಾ ಆದ್ರೆ ಅಂದ್ಲು."

ಮೂಗು ಒರೆಸಿಕೊಂಡ.

"ಅದ್ಕೇ ಆ ವಾರೆಲ್ಲ ನಾನ್ ಏಣಿ ಅತ್ಲಿಲ್ಲ. ಮೇಸ್ತ್ರಿ ಕೈಕಾಲು ಇಡ್ಕೊಂಡು ಕೆಳಗಿನ್ ಕೆಲ್ಸ ಆಕಿಸ್ಕೊಂಡೆ. ರಸ್ತೆ ದಾಟೋವಾಗ್ಲೂ ನಿಂತು ನೋಡಿ ದಾಟ್ದೆ. ಸಾಯೋ ಬಯ ನಂಗಿಲ್ಲ ಅಕ್ಕ. ಆ ವಾರ ನಾನು ಸತ್ತಿದ್ರೆ ಅವ್ಳಿಂದ ಸತ್ತೆ ಅಂತ ಆಗ್ಬುಡ್ತಿತ್ತು."

ನಾನು ಎದ್ದು, ಖಾಲಿ ಫ್ಲಾಸ್ಕನ್ನು ಅವನ ಹಳದಿ ಕೈಗೆ ಕೊಟ್ಟೆ. ಅವನು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡ. ಮಂಡ್ಯದ ಬಸ್ಸು ಹಿಡಿಯಲು ಇಬ್ಬರೂ ನಡೆದೆವು.